ಕಾನೂನು ಪುಸ್ತಕದ ಹೊಟ್ಟೆಯೊಳಗೆ

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಆ ಅಗಸ ನಾನೇ. ನಾನು ಒಗೆದದ್ದು ಗೋಣಿಯನ್ನಲ್ಲ, ಒಂದು ಗ್ರಂಥಾಲಯವನ್ನು. ಒಗೆಯುವ ಭರದಲ್ಲಿ, ಒಬ್ಬ ಮನುಷ್ಯ ಇಪ್ಪತ್ತನಾಲ್ಕು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದ ಗುಟ್ಟನ್ನು ಬೀದಿಗೆ ಹಾಕುವುದರಲ್ಲಿದ್ದೆ. ಈಗ ಹೇಳಲು ನಾಚಿಕೆಯಿಲ್ಲ. ನಿವೃತ್ತಿಗೆ ಎರಡೇ ವರ್ಷ ಉಳಿದವನು ನಾಚಿಕೆ ಇಟ್ಟುಕೊಂಡು ಏನು ಮಾಡಬೇಕು?

ಈ ಶಾಖೆಗೆ ವರ್ಗವಾಗುವ ಮುಂಚೆ ನಾನು ದೊಡ್ಡ ಗ್ರಂಥಾಲಯದಲ್ಲಿದ್ದೆ. ಮೂರು ಮಹಡಿ, ಕಲ್ಲಿನ ಮೆಟ್ಟಿಲು. ಅಲ್ಲಿ ಯಾರಾದರೂ ಕೆಮ್ಮಿದರೆ ಕೆಮ್ಮಿದವರೇ ನಾಚಿಕೊಂಡು ಎದ್ದು ಹೋಗುತ್ತಿದ್ದರು. ಪುಸ್ತಕದ ಬೆನ್ನ ಮೇಲಿನ ನಂಬರು ಎಲ್ಲಿರು ಅನ್ನುತ್ತದೋ ಪುಸ್ತಕ ಅಲ್ಲೇ ಇರುತ್ತಿತ್ತು. ಇಲ್ಲಿ ನೋಡಿದರೆ ಬಸ್ ನಿಲ್ದಾಣದ ಹಿಂಬದಿ, ಹಿಟ್ಟಿನ ಗಿರಣಿಗೂ ಕ್ಷೌರದಂಗಡಿಗೂ ನಡುವೆ ಎರಡು ಕೋಣೆ, ಒಂದು ಜಗಲಿ, ಜಗಲಿಯ ಮೂಲೆಯಲ್ಲಿ ಕುಡಿಯುವ ನೀರಿನ ನಲ್ಲಿ. ಗಿರಣಿ ಶುರುವಾದರೆ ಕಿಟಕಿಯ ಸರಳು ಅದುರುತ್ತಿತ್ತು. ಕಥೆ ಕಾದಂಬರಿಗಳ ಮೇಲೆಲ್ಲ ತೆಳ್ಳಗೆ ಹಿಟ್ಟು ಕೂತಿರುತ್ತಿತ್ತು.

ಬರುವವರೂ ಅದಕ್ಕೆ ತಕ್ಕವರೇ. ಕ್ಷೌರದಂಗಡಿಯವರು ಗಿರಾಕಿ ಇಲ್ಲದಾಗ ಕಿವಿಗೆ ಬಾಚಣಿಗೆ ಸಿಕ್ಕಿಸಿಕೊಂಡು ಪತ್ತೇದಾರಿ ಕಾದಂಬರಿ ಓದಲು ಬರುತ್ತಿದ್ದರು. ಗಿರಾಕಿ ಬಂದು ಕಿಟಕಿಯಲ್ಲಿ ಕೂಗಿದರೆ ಕೊಲೆಗಾರನನ್ನು ಅರ್ಧಕ್ಕೆ ಬಿಟ್ಟು ಓಡುತ್ತಿದ್ದರು. ಟೈಲರಮ್ಮ ಒಂದು ಸಲ ಬಟ್ಟೆಯ ಮಾದರಿ ನೋಡಲು ಬಂದವರು ಅದು ಹೇಗೋ ಗ್ರಹ ನಕ್ಷತ್ರಗಳ ಪುಸ್ತಕಕ್ಕೆ ಅಂಟಿಕೊಂಡು, ಮಧ್ಯಾಹ್ನಕ್ಕೊಂದು ಗ್ರಹ ಮುಗಿಸುತ್ತಿದ್ದರು. ನಿವೃತ್ತ ಪೋಸ್ಟ್‌ಮ್ಯಾನ್ ‘ಮೌನವಾಗಿರಿ’ ಎಂಬ ಬೋರ್ಡಿನ ಕೆಳಗೇ ಕುರ್ಚಿ ಎಳೆದುಕೊಂಡು, ಪತ್ರಿಕೆಯನ್ನು ಮುಖಕ್ಕೆ ಹಿಡಿದು ಗೊರಕೆ ಹೊಡೆಯುತ್ತಿದ್ದರು. ಇವರೆಲ್ಲರ ಮೇಲೆ ಅಟೆಂಡರಮ್ಮ. ಬಾಗಿಲು ತೆಗೆಯುವುದರಿಂದ ಬೀಗ ಹಾಕುವ ತನಕ ಎಲ್ಲ ಆಕೆಯ ಆಡಳಿತ. ಗ್ರಂಥಪಾಲಕ ನಾನು ಎಂಬುದು ನನಗೆ ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು.

ಇನ್ನೊಬ್ಬರು ಲಾಯರ್. ಅವರ ಕಸುಬು ಪ್ಲಂಬಿಂಗು. ಆದರೆ ದಿನಾ ಮಧ್ಯಾಹ್ನ ಸಲಕರಣೆಯ ಚೀಲವನ್ನು ಜಗಲಿಯಲ್ಲಿಟ್ಟು, ಕೈ ತೊಳೆದು ಬಂದು, ತಲೆದಿಂಬಿನಷ್ಟು ದಪ್ಪದ ಆಸ್ತಿ ಕಾನೂನಿನ ಪುಸ್ತಕವನ್ನು ಹೊತ್ತುಕೊಂಡು ಮೂಲೆಗೆ ಹೋಗಿ ಕೂರುತ್ತಿದ್ದರು. ಗೋಡೆಗೆ ಬೆನ್ನು, ಪುಸ್ತಕ ಎದೆಯ ಮಟ್ಟಕ್ಕೆ, ತುಟಿ ಮೆಲ್ಲಗೆ ಅಲುಗುತ್ತಿರುತ್ತಿತ್ತು. ಅದನ್ನು ನೋಡಿ ಇಡೀ ಬೀದಿ ಅವರಿಗೆ ‘ಲಾಯರ್’ ಎಂದು ಹೆಸರಿಟ್ಟು ಸಲಹೆ ಕೇಳಲು ಶುರುಮಾಡಿತ್ತು. ಅವರು ಗಡ್ಡ ಕೆರೆದುಕೊಂಡು ಎಲ್ಲರಿಗೂ ಒಂದೇ ಸಲಹೆ ಕೊಡುತ್ತಿದ್ದರು: “ಕೋರ್ಟು ಗೀರ್ಟು ಅಂತ ಅಲೀಬೇಡಿ. ಕೂತು ಮಾತಾಡಿ ಮುಗಿಸ್ಕೊಳ್ಳಿ.” ಅದು ಯಾವಾಗಲೂ ಸರಿಯಾದ ಸಲಹೆಯೇ ಆಗಿರುತ್ತಿತ್ತು.

ನನಗೆ ಆಮೇಲೆ ಗೊತ್ತಾದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಲಾಯರಿಗೆ ಓದಲು ಬರುತ್ತಿರಲಿಲ್ಲ. ಕಾನೂನು ಪುಸ್ತಕದ ಹೊಟ್ಟೆಯೊಳಗೆ ಮಕ್ಕಳ ಅಕ್ಷರಮಾಲೆ ಇರುತ್ತಿತ್ತು. ಮದುವೆಯ ಹೊತ್ತಿನಲ್ಲಿ ಹುಡುಗಿಯ ಕಡೆಯವರಿಗೆ ‘ಹತ್ತನೇ ಕ್ಲಾಸು’ ಎಂದು ಹೇಳಿದ್ದರು. ಒಂದು ಸುಳ್ಳು ಹೇಳಿದವನು ಅದಕ್ಕೆ ದಿನಾ ನೀರು ಹಾಕಬೇಕಲ್ಲ. ಓದುವ ಪ್ರಸಂಗ ಬಂದಾಗಲೆಲ್ಲ ಕನ್ನಡಕ ಮರೆತು ಬರುವುದು, ತಲೆ ನೋಯುವುದು, ತುರ್ತು ಕೆಲಸ ನೆನಪಾಗುವುದು ಹೀಗೆ ಇಪ್ಪತ್ತನಾಲ್ಕು ವರ್ಷ ತಳ್ಳಿದ್ದರು. ಈಗ ಹೆಂಡತಿಯ ಕಣ್ಣಿನ ಪೊರೆ ತೆಗೆಸುವ ದಿನ ಗೊತ್ತಾಗಿತ್ತು. “ಆಪರೇಷನ್ ಆದ್ಮೇಲೆ ಒಂದು ತಿಂಗಳು ಓದೋ ಹಾಗಿಲ್ವಂತೆ. ವಾರಪತ್ರಿಕೆ ಧಾರಾವಾಹಿ ನೀವೇ ಓದಿ ಹೇಳ್ಬೇಕು ಕಣ್ರೀ, ಒಂದು ಕಂತೂ ಬಿಡಬಾರದು” ಎಂದಿದ್ದರಂತೆ ಆಕೆ. ಅಷ್ಟರೊಳಗೆ ಓದು ಕಲಿಯಬೇಕು, ಇಲ್ಲವೇ ಬಾಯಿ ಬಿಡಬೇಕು. ನಾನು ಗೋಣಿ ಎತ್ತಿದ ದಿನ ಅವರಿಗೆ ಉಳಿದದ್ದು ಇಪ್ಪತ್ತಾರು ದಿನ.

ಕಲಿಸುವವರು ಯಾರೂ ಇರಲಿಲ್ಲ. ಅದಕ್ಕೂ ಅವರು ಉಪಾಯ ಕಂಡುಕೊಂಡಿದ್ದರು. ಮಕ್ಕಳ ಕಪಾಟು ಅವರ ಮೂಲೆಯ ಪಕ್ಕದಲ್ಲೇ. ಯಾವುದಾದರೂ ಮಗು ಬಂದರೆ ಗಂಭೀರವಾಗಿ ಬೆರಳಿಟ್ಟು, “ಇದೇನು ಹೇಳು ನೋಡೋಣ, ನಿಂಗೆ ಬರುತ್ತೋ ಇಲ್ವೋ” ಎನ್ನುತ್ತಿದ್ದರು. ಮಗು ಎದೆಯುಬ್ಬಿಸಿ ಹೇಳುತ್ತಿತ್ತು. “ಸರಿ. ಇದು? ಇದಕ್ಕೆ ಒತ್ತು ಬಂದ್ರೆ?” ಹೀಗೆ ಮಕ್ಕಳ ಬಾಯಿಂದ ಪಾಠ ಕಲಿತು, ಆ ಮಕ್ಕಳಿಗೇ ‘ಭೇಷ್’ ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ಮಕ್ಕಳು ಅವರನ್ನು ಯಾವುದೋ ಶಾಲೆಯ ಪರೀಕ್ಷಾಧಿಕಾರಿ ಎಂದುಕೊಂಡಿದ್ದವು.

ಇನ್ನು ನನ್ನ ಘನಕಾರ್ಯ. ಬಂದ ಎರಡನೇ ವಾರದಲ್ಲೇ ನನ್ನ ರಕ್ತ ಕುದಿಯತೊಡಗಿತ್ತು. ಅಡುಗೆ ಪುಸ್ತಕಗಳ ಹಿಂದೆ ಪತ್ತೇದಾರಿ. ನಿಘಂಟಿನ ಪಕ್ಕದಲ್ಲಿ ಶನಿಗ್ರಹ. ತೋಟಗಾರಿಕೆಯ ಸಾಲಿನಲ್ಲಿ ತಲೆಕೆಳಗಾಗಿ ಒಂದು ಪ್ರೇಮಕಥೆ. ಇಲ್ಲಿನವರು ಅರ್ಧ ಓದಿದ ಪುಸ್ತಕವನ್ನು ಮನೆಗೆ ಒಯ್ಯುವುದಿಲ್ಲ; ನಾಳೆ ಬರುವಷ್ಟರಲ್ಲಿ ಇನ್ನೊಬ್ಬರ ಕೈಗೆ ಸಿಗಬಾರದೆಂದು ತಮ್ಮ ತಮ್ಮ ಗುಪ್ತ ಜಾಗದಲ್ಲಿ ಬಚ್ಚಿಟ್ಟು ಹೋಗುತ್ತಾರೆ. ಒಬ್ಬರ ಜಾಗ ಇನ್ನೊಬ್ಬರಿಗೆ ಗೊತ್ತು, ಆದರೆ ಯಾರೂ ಮುಟ್ಟುವುದಿಲ್ಲ. ಅದು ಅವರ ಧರ್ಮ. ಅಟೆಂಡರಮ್ಮ ಧೂಳು ಒರೆಸುವಾಗಲೂ ಬಚ್ಚಿಟ್ಟದ್ದನ್ನು ಎತ್ತಿ, ಒರೆಸಿ, ಹಾಗೇ ಬಚ್ಚಿಡುತ್ತಿದ್ದರು!

“ಇದು ಗ್ರಂಥಾಲಯವೋ ಕಳ್ಳರ ಗುಹೆಯೋ?” ಎಂದೆ.

“ಇದ್ದ ಹಾಗೆ ಇರ್ಲಿ ಬಿಡಿ ಸಾರ್,” ಎಂದರು ಅಟೆಂಡರಮ್ಮ. “ಜನ ಬಚ್ಚಿಟ್ಟಿದಾರೆ ಅಂದ್ರೆ ನಾಳೆ ಬರ್ತಾರೆ ಅಂತ ಅರ್ಥ.”

ಬುದ್ಧಿ ಇದ್ದವನು ಅಲ್ಲಿಗೆ ಬಾಯಿ ಮುಚ್ಚುತ್ತಿದ್ದ. ನಾನು ಸೋಮವಾರ, ಅಂದರೆ ವಾರದ ರಜೆಯ ದಿನ, ಒಬ್ಬನೇ ಬಂದು ಬೀಗ ತೆಗೆದೆ. ಬೆಳಿಗ್ಗೆಯಿಂದ ಸಂಜೆಯ ತನಕ ಒಂದೊಂದೇ ಪುಸ್ತಕ ಕೊಡವಿ, ಒರೆಸಿ, ನಂಬರು ನೋಡಿ ಅದರದರ ಜಾಗಕ್ಕೆ ಸೇರಿಸಿದೆ. ಅದೂ ಸಾಲದೆಂದು ಒಳಗಿದ್ದ ಗುರುತುಗಳನ್ನೆಲ್ಲ ಕಿತ್ತು ಒಂದು ಬಿಸ್ಕತ್ತಿನ ಡಬ್ಬಿಗೆ ತುಂಬಿದೆ: ಬಸ್ ಟಿಕೆಟು, ದಾರ, ಬಟ್ಟೆಯ ಚೂರು, ಬಾಚಣಿಗೆಯ ಮುರಿದ ಹಲ್ಲು, ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಟೇಪಿನ ತುಂಡು. ಕಾನೂನು ಪುಸ್ತಕದೊಳಗೆ ಅಕ್ಷರಮಾಲೆ ಸಿಕ್ಕಾಗ ‘ಯಾವುದೋ ಮಗುವಿನ ತುಂಟತನ’ ಎಂದುಕೊಂಡು ಮಕ್ಕಳ ಕಪಾಟಿಗೆ ತಳ್ಳಿದೆ. ಸಂಜೆ ಬಾಗಿಲಲ್ಲಿ ನಿಂತು ನೋಡಿದರೆ ನನ್ನ ದೃಷ್ಟಿಯೇ ತಾಗುವಷ್ಟು ಚೆಂದವಾಗಿತ್ತು.

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಗಲಾಟೆ ಶುರುವಾಯಿತು.

“ಸಾರ್, ಕೊಲೆ ಮಾಡಿದ್ದು ಅಡುಗೆಯವನೋ ತಮ್ಮನೋ ಅಂತ ಗೊತ್ತಾಗೋಕೆ ಹದಿನೈದು ಪುಟ ಇತ್ತು! ಎಲ್ಲಿ ಹೋಯ್ತು?” ಎಂದು ಕ್ಷೌರದಂಗಡಿಯವರು ಕತ್ತರಿಯನ್ನೇ ಕೈಯಲ್ಲಿ ಹಿಡಿದು ಬಂದರು. ಟೈಲರಮ್ಮನಿಗೆ ಪುಸ್ತಕ ಸಿಕ್ಕಿತು, ಪುಟ ಸಿಗಲಿಲ್ಲ. “ಶನಿ ಬಿಟ್ಟು ಹೋದ್ರೆ ಸಾಕು ಅಂತ ಎಲ್ರೂ ಕಾಯ್ತಾರೆ. ನಂಗೆ ಶನಿ ಬೇಕಿತ್ತು, ಅದನ್ನೂ ಬಿಡಿಸಿದ್ರಲ್ಲ ಸಾರ್,” ಎಂದರು. ಗಲಾಟೆಗೆ ಪೋಸ್ಟ್‌ಮ್ಯಾನ್ ಎಚ್ಚರಾಗಿ, ಏನೆಂದು ಕೇಳಿ ತಿಳಿದುಕೊಂಡು, “ಅಡ್ರೆಸ್ ಬದಲಾಯ್ಸೋ ಮುಂಚೆ ಮನೆಯವರಿಗೆ ಒಂದು ಮಾತು ಕೇಳ್ಬೇಕು ಸ್ವಾಮಿ” ಎಂದು ಮತ್ತೆ ಮಲಗಿದರು. ನಾನು ಬಿಸ್ಕತ್ತಿನ ಡಬ್ಬಿ ಮುಂದಿಟ್ಟೆ. ಎಲ್ಲರೂ ಬೈದುಕೊಳ್ಳುತ್ತಾ ತಮ್ಮ ತಮ್ಮ ಗುರುತು ಹೆಕ್ಕಿಕೊಂಡರು.

ಲಾಯರ್ ಮಧ್ಯಾಹ್ನ ಬಂದರು, ಕಾನೂನು ಪುಸ್ತಕ ತೆರೆದರು, ಮುಚ್ಚಿದರು. ಮತ್ತೆ ತೆರೆದರು. ಮಕ್ಕಳ ಕಪಾಟಿನ ಕಡೆ ಒಂದು ಸಲ ನೋಡಿ, ನನ್ನ ಕಡೆ ನೋಡಿ, ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಚೀಲ ಹೆಗಲಿಗೇರಿಸಿ ಹೋದರು. ಬುಧವಾರ ಬರಲಿಲ್ಲ. ಗುರುವಾರವೂ ಇಲ್ಲ. ಮೂಲೆಯ ಕುರ್ಚಿ ಖಾಲಿ ಬಿತ್ತು. ಹತ್ತು ದಿನ ಹೀಗೇ ಕಳೆಯಿತು, ಡಬ್ಬಿಯ ತಳದಲ್ಲಿ ಬಿಳಿ ಟೇಪಿನ ತುಂಡೊಂದೇ ಉಳಿದಿತ್ತು.

ಹನ್ನೊಂದನೆಯ ದಿನ ಒಬ್ಬ ಹೆಂಗಸು ಬಂದರು. ನನ್ನ ಮೇಜಿನ ಮೇಲೆ ಎರಡೂ ಕೈ ಊರಿ, ಕಣ್ಣು ಕಿರಿದು ಮಾಡಿ ನನ್ನ ಮುಖ ಹುಡುಕಿದರು. ಪೊರೆ ಬಂದ ಕಣ್ಣು.

“ಪುಸ್ತಕ ಎಲ್ಲಾ ಜೋಡ್ಸಿಟ್ಟವರು ನೀವೇನಾ?”

“ಹೌದಮ್ಮಾ,” ಎಂದೆ, ಹೊಗಳುತ್ತಾರೇನೋ ಎಂಬ ಆಸೆಯಿಂದ.

“ನಿಮ್ಮ ಕೈಗೆ ಬೇರೆ ಕೆಲಸ ಇರ್ಲಿಲ್ವಾ?”

ಅಟೆಂಡರಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ, ಆಕೆಗೆ ಕುರ್ಚಿ ಕೊಟ್ಟು, ನನ್ನನ್ನು ನೋಡಿ, “ಲಾಯರ್ ಮನೆಯವರು” ಎಂದರು. ಇಬ್ಬರೂ ಹಳೆಯ ಗೆಳತಿಯರು ಎಂದು ನೋಡಿದರೇ ತಿಳಿಯುತ್ತಿತ್ತು. ಅವರಿಬ್ಬರೂ ಸೇರಿ ನನಗೆ ಎಲ್ಲ ಬಿಡಿಸಿ ಹೇಳಿದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಲಾಯರ್ ಆ ಮೂಲೆಯಲ್ಲಿ ಅಕ್ಷರ ಕಲಿಯುತ್ತಿದ್ದದ್ದನ್ನು ಅಟೆಂಡರಮ್ಮ ಮೊದಲನೇ ದಿನವೇ ನೋಡಿದ್ದರು.

“ಅವ್ರಿಗೆ ಓದೋಕೆ ಬರಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು?” ಎಂದು ಕೇಳಿದೆ.

“ಮದುವೆಯಾದ ವರ್ಷ,” ಎಂದರು ಆಕೆ. “ತವರಿಗೆ ಹೋಗಿದ್ದೆ. ನಂಗೆ ಮೂರು ತಿಂಗಳು ಅಂತ ಕಾಗದ ಬರ್ದೆ. ಒಂದು ವಾರ ಬಿಟ್ಟು ಅಂಗಡಿಯಿಂದ ಫೋನ್ ಮಾಡಿದ್ರು. ‘ಕಾಗದ ಬಂತು, ಓದಿದೆ, ಎಲ್ಲಾ ಆರಾಮ ತಾನೆ, ಆ ಕಡೆ ಮಳೆ ಬಂತಾ?’ ಅಂದ್ರು.” ಹೇಳುತ್ತಾ ನಕ್ಕುಬಿಟ್ಟರು. “ಮೊದಲು ಅಳು ಬಂತು. ಆಮೇಲೆ ಯೋಚ್ನೆ ಮಾಡ್ದೆ, ಇದು ಗೊತ್ತಿದ್ದೂ ಕೇಳದೆ ಇರೋ ಮನುಷ್ಯ ಅಲ್ವಲ್ಲ ಅಂತ. ಮತ್ತೆ ಫೋನ್ ಬಂದಾಗ ಬಾಯಲ್ಲೇ ಹೇಳ್ದೆ. ಆ ಕಡೆಯಿಂದ ಮಾತೇ ಇಲ್ಲ. ಅಂಗಡಿಯವ್ರೇ ಫೋನ್ ತಗೊಂಡು, ‘ನಿಮ್ಮ ಯಜಮಾನ್ರು ಅಳ್ತಾ ಇದಾರಮ್ಮ’ ಅಂದ್ರು.”

“ಇಷ್ಟು ವರ್ಷ ಒಂದು ಮಾತು ಕೇಳ್ಬಹುದಿತ್ತಲ್ಲ?”

“ಕೇಳಿದ್ರೆ ಅವ್ರ ಮುಖ ಸಣ್ಣದಾಗತ್ತೆ. ಮಗಳು ದೊಡ್ಡವಳಾದ್ಮೇಲೆ ಅವಳೇ ಎಲ್ಲಾ ಓದಿ ಹೇಳ್ತಿದ್ಲು. ಈಗ ಅವಳೂ ಗಂಡನ ಮನೆಗೆ ಹೋದ್ಲು. ನಾಳೆ ನಂಗೇ ಏನಾದ್ರೂ ಆದ್ರೆ ಬಸ್ಸಿನ ಬೋರ್ಡು, ಔಷಧಿ ಚೀಟಿ ಯಾರು ಓದಿ ಹೇಳ್ತಾರೆ ಇವ್ರಿಗೆ?” ಆಕೆ ದನಿ ತಗ್ಗಿಸಿದರು. “ಡಾಕ್ಟರು ಓದಬಾರದು ಅಂದಿದ್ದು ಒಂದು ವಾರ ಸಾರ್. ಒಂದು ತಿಂಗಳು ಅಂತ ಹೇಳಿದ್ದು ನಾನು.”

ಆ ಹೆಂಗಸು ಇಪ್ಪತ್ತನಾಲ್ಕು ವರ್ಷ ಕಾದು, ಕಣ್ಣಿನ ಪೊರೆಯನ್ನೇ ನೆಪ ಮಾಡಿಕೊಂಡು, ಗಂಡನನ್ನು ಈ ಬಾಗಿಲ ತನಕ ತಳ್ಳಿದ್ದರು. ನಾನು ಒಂದು ಸೋಮವಾರದಲ್ಲಿ ಅವರನ್ನು ಆಚೆಗೆ ದಬ್ಬಿದ್ದೆ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆಗಿರಲಿಲ್ಲ.

“ಸಂಜೆ ಮನೇಲಿ ಸುಮ್ನೆ ಗೋಡೆ ನೋಡ್ಕೊಂಡು ಕೂತಿರ್ತಾರೆ. ಹದಿನೈದು ದಿನ ಉಳಿದಿದೆ,” ಎಂದು ಎದ್ದರು ಆಕೆ. “ನಾನು ಬಂದಿದ್ದೆ ಅಂತ ಮಾತ್ರ ಅವ್ರಿಗೆ ಗೊತ್ತಾಗಬಾರದು.”

ಆಕೆ ಹೋದ ಮೇಲೆ ಅಕ್ಷರಮಾಲೆಯನ್ನು ತೆಗೆದು ನೋಡಿದೆ. ಯಾವ ಪುಟದಲ್ಲಿ ಟೇಪಿತ್ತೋ ನನಗೆ ಹೇಗೆ ಗೊತ್ತಾಗಬೇಕು? ಆದರೆ ಪುಟದ ಅಂಚುಗಳೇ ಹೇಳುತ್ತಿದ್ದವು. ಎಷ್ಟೇ ತೊಳೆದರೂ ಹೋಗದ ಪೈಪಿನ ಕರೆಯ ಹೆಬ್ಬೆರಳಚ್ಚು ಒತ್ತಕ್ಷರದ ಪಾಠದ ತನಕ ಬಂದು ನಿಂತಿತ್ತು. ಅದರಾಚೆಗೆ ಪುಟ ಬೆಳ್ಳಗಿತ್ತು. ಒಂದೊಂದು ಪುಟಕ್ಕೂ ಎಷ್ಟು ಸಲ ಹೋಗಿ ಬಂದಿದ್ದಾರೋ. ಬಿಳಿ ಟೇಪನ್ನು ಅಲ್ಲಿಟ್ಟು, ಅಕ್ಷರಮಾಲೆಯನ್ನು ಕಾನೂನು ಪುಸ್ತಕದೊಳಗಿಟ್ಟೆ.

ಈಗ ಲಾಯರನ್ನು ಕರೆಸುವುದು ಹೇಗೆ? ಇಡೀ ಜನ್ಮದಲ್ಲಿ ಸರ್ಕಾರಿ ಸೊತ್ತಿಗೆ ಒಂದು ಗೀರು ಬೀಳಿಸದ ನಾನು, ಪೋಸ್ಟ್‌ಮ್ಯಾನರ ಗೊರಕೆ ಸಣ್ಣಗೆ ಶುರುವಾಗುವುದನ್ನೇ ಕಾದು, ಜಗಲಿಗೆ ಹೋಗಿ ನಲ್ಲಿಯನ್ನು ತಿರುಚಿದೆ. ಸ್ವಲ್ಪ ಸೋರಲಿ ಎಂದಿದ್ದೆ. ತಿರುಪೇ ಕೈಗೆ ಬಂತು. ನೀರು ನನ್ನ ಅಂಗಿ, ಪ್ಯಾಂಟು, ಕನ್ನಡಕ ಎಲ್ಲವನ್ನೂ ತೋಯಿಸಿ ಟೈಲರಮ್ಮನ ಚಪ್ಪಲಿಯನ್ನು ತೇಲಿಸಿಕೊಂಡು ಹೋಯಿತು. ಮಾಡಿದ್ದುಣ್ಣೋ ಮಹರಾಯ!

“ಪ್ಲಂಬರ್ ಕರೀಲಾ ಸಾರ್?” ಎಂದರು ಅಟೆಂಡರಮ್ಮ, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ.

ಲಾಯರ್ ಬಂದರು. ಐದು ನಿಮಿಷದಲ್ಲಿ ನೀರು ನಿಲ್ಲಿಸಿದರು. “ಯಾರೋ ಬೇಕು ಅಂತಾನೇ ತಿರುಚಿದ ಹಾಗಿದೆ ಸಾರ್,” ಎಂದು ಒದ್ದೆಯಾದ ನನ್ನನ್ನು ಕಾಲಿಂದ ತಲೆಯ ತನಕ ನೋಡಿದರು. ನಾನು ಕನ್ನಡಕ ಒರೆಸಿಕೊಳ್ಳುತ್ತಾ, “ಬಂದಿದ್ದೀರಲ್ಲ, ಒಂದು ಸಹಾಯ ಮಾಡಿ. ಮೊನ್ನೆ ನಾನು ಬುದ್ಧಿಯಿಲ್ಲದೆ ಎಲ್ಲಾ ಅದಲು ಬದಲು ಮಾಡ್ಬಿಟ್ಟೆ. ನಿಮ್ಮ ಕಾನೂನು ಪುಸ್ತಕ ಸರಿಯಾಗಿದೆಯಾ ನೋಡಿ,” ಎಂದು ಅದನ್ನು ಅವರ ಕೈಗಿಟ್ಟು, ತಿರುಗಿ ನೋಡದೆ ಬಂದು ನನ್ನ ಕುರ್ಚಿಯಲ್ಲಿ ಕೂತೆ. ಕೂತವನು ಕಣ್ಣಂಚಿನಲ್ಲಿ ನೋಡದೆ ಇರಲು ನಾನೇನು ಸನ್ಯಾಸಿಯೇ? ಪುಸ್ತಕ ತೆರೆದರು. ಬಿಳಿ ಟೇಪನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಆಮೇಲೆ ನಿಧಾನವಾಗಿ ಮೂಲೆಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ಕೂತರು.

ಹದಿನೈದು ದಿನ ಎಲ್ಲಿ ಸಾಲುತ್ತದೆ? ಮಕ್ಕಳು ಬರುವುದು ಭಾನುವಾರ ಮಾತ್ರ. ಆಗ ಕ್ಷೌರದಂಗಡಿಯವರ ಕೈ ಹಿಡಿದೆ. ದಿನಾ ನಾಲ್ಕು ಗಂಟೆಗೆ ಆ ವಾರಪತ್ರಿಕೆಯ ಧಾರಾವಾಹಿಯನ್ನು ಹಳೆಯ ಸಂಚಿಕೆಗಳಿಂದ ಶುರುಮಾಡಿ ಗಟ್ಟಿಯಾಗಿ ಓದಬೇಕು, ಕೇಳುವವರು ಇನ್ನೊಂದು ಪ್ರತಿ ಹಿಡಿದು ಬೆರಳಿಟ್ಟು ನೋಡುತ್ತಾ ಹೋಗಬಹುದು ಎಂದೆ. ಮೌನದ ಬೋರ್ಡನ್ನು ನಾಲ್ಕಕ್ಕೆ ಗೋಡೆಗೆ ಮುಖ ಮಾಡಿ ತಿರುಗಿಸುವುದು, ಐದಕ್ಕೆ ಮತ್ತೆ ತಿರುಗಿಸುವುದು ನನ್ನ ಕೆಲಸ. ದೊಡ್ಡ ಗ್ರಂಥಾಲಯದವರು ನೋಡಿದ್ದರೆ ನನ್ನನ್ನು ಆಸ್ಪತ್ರೆಗೆ ಸೇರಿಸುತ್ತಿದ್ದರು. ಕ್ಷೌರದಂಗಡಿಯವರು ನಾಯಕನಿಗೊಂದು ದನಿ, ಅತ್ತೆಗೊಂದು ದನಿ ಮಾಡಿ ಓದಿದ್ದೇ ಓದಿದ್ದು. ಗಿರಣಿಯವರೂ ಆ ಹೊತ್ತಿಗೆ ಯಂತ್ರ ನಿಲ್ಲಿಸಿ ಕಿಟಕಿಗೆ ಬಂದು ನಿಲ್ಲತೊಡಗಿದರು. ಪೋಸ್ಟ್‌ಮ್ಯಾನ್ ಎಚ್ಚರವಿರಲು ಕಲಿತರು. ಲಾಯರ್ ಪಕ್ಕದಲ್ಲೇ ಕೂತು, ಬೆರಳು ಸಾಲಿನಿಂದ ಸಾಲಿಗೆ ಓಡಿಸುತ್ತಿದ್ದರು. ಮೊದಮೊದಲು ಬೆರಳು ದನಿಯ ಹಿಂದೆ ಬೀಳುತ್ತಿತ್ತು, ಬರಬರುತ್ತಾ ಜೊತೆಗೆ ನಡೆಯಿತು. ಒಂದು ದಿನ ಕ್ಷೌರದಂಗಡಿಯವರು ಒಂದು ಸಾಲು ಹಾರಿಸಿದಾಗ, “ಮಧ್ಯ ಒಂದು ಬಿಟ್ರಿ,” ಎಂದರು ಲಾಯರ್. ಹೇಳಿ ತಾವೇ ಬೆಚ್ಚಿದರು.

ಆಪರೇಷನ್ ಆಯಿತು. ನಾಲ್ಕನೆಯ ದಿನ ಸಂಜೆ ನಾನೂ ಅಟೆಂಡರಮ್ಮನೂ ನೋಡಿಕೊಂಡು ಬರಲು ಹೋದೆವು. ಆಕೆ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಲಾಯರ್ ಆಗತಾನೇ ಬಂದ ವಾರಪತ್ರಿಕೆ ಹಿಡಿದು ಸ್ಟೂಲಿನ ಮೇಲೆ ಕೂತಿದ್ದರು. ಹೊಸ ಕಂತು. ಕ್ಷೌರದಂಗಡಿಯವರು ಇದನ್ನಿನ್ನೂ ಓದಿ ಹೇಳಿರಲಿಲ್ಲ.

ಒಂದೊಂದೇ ಪದ ಎತ್ತಿ ಇಡುತ್ತಾ ಓದಿದರು. ಒತ್ತಕ್ಷರ ಬಂದಾಗ ತಡೆದು, ಉಸಿರು ಹಿಡಿದು, ದಾಟಿ, ಮುಂದೆ ಹೋದರು. ಎರಡು ಪುಟಕ್ಕೆ ಮುಕ್ಕಾಲು ಗಂಟೆ. ಆ ವಾರದ ಕಂತಿನಲ್ಲಿ ನಡೆಯುವುದು ಇಷ್ಟೇ: ನಾಯಕಿಯ ಚಿಕ್ಕಪ್ಪ ಒಂದು ಮೇಜನ್ನು ಮಹಡಿಗೆ ಸಾಗಿಸುತ್ತಾನೆ. ಮೇಜು ಮಹಡಿ ತಲುಪುವಷ್ಟರಲ್ಲಿ ಲಾಯರ್ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕಪ್ಪು ಕನ್ನಡಕದ ಕೆಳಗಿಂದ ಆಕೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

“ಅಳಬಾರದು ಕಣೇ! ಡಾಕ್ಟರು ಕಣ್ಣಲ್ಲಿ ನೀರು ಬರಬಾರದು ಅಂದಿಲ್ವಾ?” ಎಂದು ಲಾಯರ್ ಗಾಬರಿಯಾದರು. “ಅಳೋ ಅಂಥದ್ದು ಏನಿದೆ ಇದ್ರಲ್ಲಿ?”

“ಪಾಪ, ಚಿಕ್ಕಪ್ಪ ಎಷ್ಟು ಕಷ್ಟಪಟ್ಟ,” ಎಂದರು ಆಕೆ.

ಅಟೆಂಡರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಆರಿಹೋದ ಟೀಯನ್ನೇ ಊದಿ ಊದಿ ಕುಡಿದೆ.

ಒಂದು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಲಾಯರ್ ಬಂದು, ಮೂಲೆಗೆ ಹೋಗದೆ ಸೀದಾ ನನ್ನ ಮೇಜಿನ ಮುಂದೆ ನಿಂತರು. ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಬಿಡಿಸಿಟ್ಟರು. ಆಸ್ಪತ್ರೆಯವರು ಮನೆಗೆ ಕಳಿಸುವಾಗ ಕೊಡುವ ಅಚ್ಚಾದ ಸೂಚನೆಗಳ ಚೀಟಿ.

“ಎಂಟನೇ ದಿನ ಔಷಧಿ ಎಷ್ಟು ಹನಿ ಅಂತ ನೋಡೋಕೆ ತೆಗೆದೆ ಸಾರ್. ನಾನೇ ಓದಿದೆ.” ಅವರ ಬೆರಳು ಒಂದು ಸಾಲಿನ ಕೆಳಗೆ ನಿಂತಿತು. ಗಟ್ಟಿಯಾಗಿ, ಎಲ್ಲೂ ತಡೆಯದೆ ಓದಿದರು: “‘ಒಂದು ವಾರ ಓದುವುದು, ಹೊಲಿಯುವುದು ಮಾಡಬಾರದು.’ ಒಂದು ವಾರ ಅಂತಿದೆ. ತಪ್ಪು ಓದಿದ್ನೇನೋ ಅಂತ ನಾಲ್ಕು ಸಲ ಓದಿದೆ.”

ನಾನು ರಿಜಿಸ್ಟರ್ ನೋಡುವವನಂತೆ ತಲೆ ತಗ್ಗಿಸಿದೆ.

“ಅಂದ್ರೆ ಅವಳಿಗೆ ಗೊತ್ತಿತ್ತು,” ಎಂದರು. “ಎಲ್ಲಾ ಗೊತ್ತಿದ್ದೂ, ಒಂದು ದಿನಾನೂ ಒಂದು ಮಾತೂ ಆಡ್ಲಿಲ್ಲ ಸಾರ್ ಅವಳು.”

“ಎಂಟನೇ ದಿನವೇ ಗೊತ್ತಾದ್ರೆ, ಆಮೇಲೆ ಯಾಕೆ ತಿಂಗಳು ಪೂರ್ತಿ ಓದಿದ್ರಿ?”

ಅವರು ಚೀಟಿಯನ್ನು ಮೊದಲಿದ್ದ ಹಾಗೇ ಮಡಚಿ ಜೇಬಿಗಿಟ್ಟುಕೊಂಡರು. “ನಂಗೆ ಗೊತ್ತಾಗಿದೆ ಅಂತ ಅವಳಿಗೆ ಹೇಳ್ಬೇಡಿ. ಮುಂದಿನ ತಿಂಗಳು ಇನ್ನೊಂದು ಕಣ್ಣಿನ ಆಪರೇಷನ್. ಈ ಸಲ ಎರಡು ತಿಂಗಳು ಓದಬಾರದಂತೆ, ಅವಳೇ ಹೇಳಿದ್ಲು. ಒಂದು ಒಳ್ಳೆ ಕಾದಂಬರಿ ಕೊಡಿ ಸಾರ್. ಮನೆಗೆ ತಗೊಂಡು ಹೋಗ್ತೀನಿ.”

“ಎಷ್ಟು ದಪ್ಪದ್ದು ಕೊಡ್ಲಿ?”

“ಅವಳು ಓದಿದ್ರೆ ಎರಡು ದಿನಕ್ಕೆ ಮುಗಿಯುವಂಥದ್ದು,” ಎಂದರು ಲಾಯರ್. “ನಾನು ಓದಿದ್ರೆ ಎರಡು ತಿಂಗಳು ಬರ್ಬೇಕು.”

ನಾನು ಎದ್ದು ಕಪಾಟಿನ ಕಡೆ ಹೋದೆ, ಪುಸ್ತಕ ಹುಡುಕಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡೆ.